ಟೈಮರ್ ನಿಜವಾಗಿ ನಿಂತಿದೆಯೇ? ಲಿನಕ್ಸ್ ಡ್ರೈವರ್ ಬರೆಯುವವರಿಗೆ ಸಮಗ್ರ ಮಾರ್ಗದರ್ಶಿ

ನಿಮ್ಮ ಡ್ರೈವರ್ ಮಾಡ್ಯೂಲನ್ನು ಕರ್ನಲ್‌ನಿಂದ ಇಳಿಸಿದ್ದೀರಿ (ಅನ್‌ಲೋಡ್), ಪ್ರಾಂಪ್ಟ್ ವಾಪಸ್ ಬಂದಿದೆ. ಒಂದೆರಡು ಸೆಕೆಂಡ್ ಬಿಟ್ಟು ಕರ್ನಲ್ ಕುಸಿಯುತ್ತದೆ. ಲಾಗ್ ತೆಗೆದು ನೋಡಿದರೆ ಕಾಲ್ ಸ್ಟ್ಯಾಕ್‌ನಲ್ಲಿ ನಿಮ್ಮ ಡ್ರೈವರ್‌ನ ಒಂದು ಫಂಕ್ಷನ್ನೂ ಇಲ್ಲ. ‘ರನ್_ಟೈಮರ್_ಸಾಫ್ಟ್‌ಐಆರ್‌ಕ್ಯೂ’, ‘ಕಾಲ್_ಟೈಮರ್_ಎಫ್‌ಎನ್’, ಅದರಾಚೆ ಯಾವ ಫಂಕ್ಷನ್‌ಗೂ ಸೇರದ ಒಂದು ವಿಳಾಸ, ಅಷ್ಟೇ. ಡ್ರೈವರ್ ಹೋಗಿದೆ, ಅದು ಇಟ್ಟಿದ್ದ ಟೈಮರ್ ಮಾತ್ರ ಉಳಿದುಕೊಂಡು ಹೊತ್ತಿಗೆ ಸರಿಯಾಗಿ ಹೊಡೆದಿದೆ ಎಂಬುದಕ್ಕೆ ಇದಕ್ಕಿಂತ ಸ್ಪಷ್ಟ ಗುರುತು ಬೇಕಿಲ್ಲ.

ಇಲ್ಲಿ ಹೇಳುವುದು ಲಿನಕ್ಸ್ ಕರ್ನಲ್‌ನ ಸಾಮಾನ್ಯ ಟೈಮರ್ ಬಗ್ಗೆ, ಅಂದರೆ ‘ಟೈಮರ್_ಲಿಸ್ಟ್’ ಸ್ಟ್ರಕ್ಟ್ ಬಗ್ಗೆ. ಹೈ ರೆಸಲ್ಯೂಷನ್ ಟೈಮರ್ ಮತ್ತು ಡಿಲೇಡ್ ವರ್ಕ್ ಕಡೆಗೂ ಆಮೇಲೆ ಬರುತ್ತೇನೆ. ಹೆಸರುಗಳ ಬಗ್ಗೆ ಒಂದು ಮಾತು: ಹಳೆಯ ಕೋಡ್‌ನಲ್ಲಿ ಕಾಣುವ ‘ಡೆಲ್_ಟೈಮರ್’, ‘ಡೆಲ್_ಟೈಮರ್_ಸಿಂಕ್’ ಇವೇ ಕರ್ನಲ್ ಆವೃತ್ತಿ 6.2ರಿಂದ ‘ಟೈಮರ್_ಡಿಲೀಟ್’, ‘ಟೈಮರ್_ಡಿಲೀಟ್_ಸಿಂಕ್’ ಆದವು. 2025ರಲ್ಲಿ ಬಂದ 6.15ರಲ್ಲಿ ಹಳೆಯ ಹೆಸರುಗಳನ್ನು ತೆಗೆದೇ ಹಾಕಿದರು. ನಾನು ಹೊಸ ಹೆಸರನ್ನೇ ಬಳಸುತ್ತೇನೆ.

ಹಂತ 1: ಟೈಮರ್ ಇಡುವವರು ಯಾರು ಯಾರು?

ಅಳಿಸುವ ಫಂಕ್ಷನ್ ಯಾವುದು ಎಂದು ಹುಡುಕುವ ಮೊದಲು ಇಡುವವರ ಪಟ್ಟಿ ಮಾಡಿ. ಟೈಮರ್ ನಿಂತಿದೆ ಎನ್ನಬೇಕಾದರೆ ಮೂರು ವಿಷಯ ಖಾತ್ರಿಯಾಗಬೇಕು. ಅದು ಸರದಿಯಲ್ಲಿ ಕಾಯುತ್ತಿಲ್ಲ, ಅದರ ಕಾಲ್‌ಬ್ಯಾಕ್ (ಹೊತ್ತಾದಾಗ ಕರ್ನಲ್ ಕರೆಯುವ ನಿಮ್ಮ ಫಂಕ್ಷನ್) ಈ ಕ್ಷಣ ಬೇರೊಂದು ಸಿಪಿಯುನಲ್ಲಿ ಓಡುತ್ತಿಲ್ಲ, ಇನ್ನು ಮುಂದೆ ಯಾರೂ ಅದನ್ನು ಮತ್ತೆ ಇಡುವುದಿಲ್ಲ. ಮೊದಲ ಎರಡನ್ನು ಕರ್ನಲ್ ನೋಡಿಕೊಳ್ಳಬಲ್ಲದು. ಮೂರನೆಯದು ನಿಮ್ಮ ಕೋಡ್‌ಗೆ ಮಾತ್ರ ಗೊತ್ತಿರುವ ವಿಷಯ, ಹೆಚ್ಚಿನ ದೋಷಗಳು ಅಲ್ಲೇ ಇರುತ್ತವೆ.

ಒಂದು ಕಾರ್ಡ್ ಇದೆ ಎಂದಿಟ್ಟುಕೊಳ್ಳಿ. ಕಮಾಂಡ್ ಕಳಿಸುವಾಗ ಡ್ರೈವರ್ 500 ಮಿಲಿಸೆಕೆಂಡ್‌ಗೆ ಟೈಮರ್ ಇಡುತ್ತದೆ. ಉತ್ತರ ಬಂದಾಗಲೆಲ್ಲ ಇಂಟರಪ್ಟ್ ಹ್ಯಾಂಡ್ಲರ್ ಆ ಟೈಮರನ್ನು ಮುಂದೂಡುತ್ತದೆ. ಉತ್ತರ ಬರದೇ ಟೈಮರ್ ಹೊಡೆದರೆ ಕಾಲ್‌ಬ್ಯಾಕ್ ಒಂದು ರೀಸೆಟ್ ವರ್ಕ್ (ಕರ್ನಲ್ ಥ್ರೆಡ್ ಒಂದು ಆಮೇಲೆ ಮಾಡುವ ಕೆಲಸ) ಹಾಕುತ್ತದೆ, ಏಕೆಂದರೆ ಕಾಲ್‌ಬ್ಯಾಕ್ ಓಡುವುದು ಸಾಫ್ಟ್‌ಐಆರ್‌ಕ್ಯೂ ಎಂಬ ಇಂಟರಪ್ಟ್ ಬಗೆಯ ಕಾಂಟೆಕ್ಸ್ಟ್‌ನಲ್ಲಿ, ಅಲ್ಲಿ ನಿದ್ದೆ ಮಾಡುವ ಹಾಗಿಲ್ಲ. ರೀಸೆಟ್ ಮುಗಿದ ಮೇಲೆ ಆ ವರ್ಕ್ ಮತ್ತೆ ಟೈಮರ್ ಇಡುತ್ತದೆ. ಅಲ್ಲಿಗೆ ಇಡುವವರು ಮೂವರಾದರು: ಕಮಾಂಡ್ ದಾರಿ, ಇಂಟರಪ್ಟ್, ವರ್ಕ್. ನಿಮ್ಮ ಡ್ರೈವರ್‌ನಲ್ಲಿ ‘ಮಾಡ್_ಟೈಮರ್’ ಮತ್ತು ‘ಆ್ಯಡ್_ಟೈಮರ್’ ಎಂದು ಗ್ರೆಪ್ ಹೊಡೆದು, ಸಿಕ್ಕ ಪ್ರತಿ ಸಾಲಿನ ಮುಂದೆ ಅದು ಯಾವ ಕಾಂಟೆಕ್ಸ್ಟ್‌ನಲ್ಲಿ ಓಡುತ್ತದೆ ಎಂದು ಬರೆದುಕೊಳ್ಳಿ. ಮುಂದಿನ ಹಂತಗಳೆಲ್ಲ ಈ ಪಟ್ಟಿಯ ಮೇಲೆ ನಿಂತಿವೆ.

ಹಂತ 2: ಸರಿಯಾದ ಫಂಕ್ಷನ್ ಆರಿಸಿ

‘ಟೈಮರ್_ಡಿಲೀಟ್’ ಮಾಡುವುದು ಸರದಿಯಿಂದ ತೆಗೆಯುವ ಕೆಲಸ ಮಾತ್ರ. ಕಾಯುತ್ತಿದ್ದ ಟೈಮರ್ ತೆಗೆದರೆ 1, ಕಾಯುತ್ತಿರಲಿಲ್ಲವಾದರೆ 0 ಕೊಡುತ್ತದೆ. 0 ಬಂದರೆ ಎಲ್ಲ ಶಾಂತ ಎಂದುಕೊಳ್ಳಬೇಡಿ. ಆ ಗಳಿಗೆಯಲ್ಲೇ ಪಕ್ಕದ ಸಿಪಿಯುನಲ್ಲಿ ಕಾಲ್‌ಬ್ಯಾಕ್ ಓಡುತ್ತಿರಬಹುದು. ಹಾಗಾಗಿ ಇದರ ಬೆನ್ನಿಗೇ ಮೆಮೊರಿ ಬಿಡುಗಡೆ ಮಾಡುವ ‘ಕೆಫ್ರೀ’ ಕರೆಯುವುದು ತಪ್ಪು.

‘ಟೈಮರ್_ಡಿಲೀಟ್_ಸಿಂಕ್’ ಸರದಿಯಿಂದ ತೆಗೆಯುತ್ತದೆ, ಓಡುತ್ತಿರುವ ಕಾಲ್‌ಬ್ಯಾಕ್ ಮುಗಿಯುವವರೆಗೆ ಕಾಯುತ್ತದೆ ಕೂಡ. ಕಾಲ್‌ಬ್ಯಾಕ್ ತನ್ನನ್ನು ತಾನೇ ಮತ್ತೆ ಇಟ್ಟುಕೊಳ್ಳುವ ಟೈಮರ್ ಆದರೂ ಚಿಂತೆಯಿಲ್ಲ. ಕಾಲ್‌ಬ್ಯಾಕ್ ಮುಗಿದ ಮೇಲೆ ಇನ್ನೊಮ್ಮೆ ನೋಡಿ, ಸರದಿಯಲ್ಲಿ ಕಂಡರೆ ತೆಗೆದೇ ಹೊರಗೆ ಬರುತ್ತದೆ. ಆದರೆ ಅದು ವಾಪಸ್ ಬಂದ ಮರುಕ್ಷಣ ಇಂಟರಪ್ಟ್ ಒಂದು ‘ಮಾಡ್_ಟೈಮರ್’ ಕರೆದರೆ ಅದಕ್ಕೆ ಅದು ಜವಾಬ್ದಾರಿಯಲ್ಲ.

‘ಟೈಮರ್_ಶಟ್‌ಡೌನ್_ಸಿಂಕ್’ ಆ ಮೂರನೆಯ ಬಾಗಿಲನ್ನೂ ಮುಚ್ಚುತ್ತದೆ. ಇದು ಬಂದದ್ದು 6.2ರಲ್ಲಿ, ಅಂದರೆ 2023ರ ಆರಂಭದಲ್ಲಿ. ಕರ್ನಲ್ ಡೆವಲಪರ್ ಸ್ಟೀವನ್ ರೋಸ್ಟೆಡ್ ಶುರು ಮಾಡಿದ ಪ್ರಯತ್ನವನ್ನು ಕರ್ನಲ್‌ನ ಟೈಮರ್ ಕೋಡ್ ನೋಡಿಕೊಳ್ಳುವ ಥಾಮಸ್ ಗ್ಲೈಕ್ಸ್‌ನರ್ ಈಗಿನ ರೂಪಕ್ಕೆ ತಂದರು. ಒಳಗಿನ ಉಪಾಯ ಸರಳ: ಟೈಮರ್‌ನ ಫಂಕ್ಷನ್ ಪಾಯಿಂಟರನ್ನು ನಲ್ ಮಾಡಿಬಿಡುತ್ತದೆ. ಆಮೇಲೆ ಯಾರು ‘ಮಾಡ್_ಟೈಮರ್’ ಕರೆದರೂ ಕರ್ನಲ್ ಅದನ್ನು ಸದ್ದಿಲ್ಲದೆ ಕಡೆಗಣಿಸುತ್ತದೆ, ಎಚ್ಚರಿಕೆಯನ್ನೂ ಕೊಡುವುದಿಲ್ಲ. ಸಾಧನ ಶಾಶ್ವತವಾಗಿ ಹೋಗುವಾಗ ಬೇರೆ ಯೋಚನೆ ಬೇಡ, ಇದನ್ನೇ ಬಳಸಿ ಎನ್ನುವುದು ನನ್ನ ಅಭಿಪ್ರಾಯ.

ಹಾಗಾದರೆ ಕಾಯದ ‘ಟೈಮರ್_ಡಿಲೀಟ್’ ಯಾಕಿದೆ? ರೆಫರೆನ್ಸ್ ಎಣಿಕೆ (ಒಂದು ವಸ್ತುವನ್ನು ಎಷ್ಟು ಕಡೆ ಬಳಸುತ್ತಿದ್ದಾರೆ ಎಂಬ ಲೆಕ್ಕ, ಸೊನ್ನೆಯಾದಾಗ ಮೆಮೊರಿ ಬಿಡುಗಡೆ) ಇರುವಲ್ಲಿ ಅದು ಸರಿಯಾದ ಆಯ್ಕೆಯೇ. ನೆಟ್‌ವರ್ಕಿಂಗ್ ಕೋಡ್‌ನ ‘ಎಸ್‌ಕೆ_ರೀಸೆಟ್_ಟೈಮರ್’ ನೋಡಿ. ‘ಮಾಡ್_ಟೈಮರ್’ 0 ಕೊಟ್ಟರೆ, ಅಂದರೆ ಟೈಮರ್ ಹೊಸದಾಗಿ ಸರದಿ ಸೇರಿದರೆ, ಸಾಕೆಟ್‌ನ ಎಣಿಕೆ ಒಂದು ಹೆಚ್ಚಿಸುತ್ತದೆ. ‘ಎಸ್‌ಕೆ_ಸ್ಟಾಪ್_ಟೈಮರ್’ನಲ್ಲಿ ಅಳಿಸುವ ಕರೆ 1 ಕೊಟ್ಟರೆ ಮಾತ್ರ ಎಣಿಕೆ ಇಳಿಯುತ್ತದೆ. 0 ಬಂದರೆ ಕಾಲ್‌ಬ್ಯಾಕ್ ಓಡುತ್ತಿದೆ ಅಥವಾ ಓಡಿ ಮುಗಿದಿದೆ, ತನ್ನ ಪಾಲಿನ ಎಣಿಕೆಯನ್ನು ಅದೇ ಇಳಿಸುತ್ತದೆ. ಲಾಕ್ ಹಿಡಿದೇ ಟೈಮರ್ ರದ್ದು ಮಾಡಬೇಕಾದ ಕಡೆ ಈ ಪದ್ಧತಿ ತುಂಬ ಚೊಕ್ಕ. ಒಂದು ಎಚ್ಚರ ಮಾತ್ರ ಬೇಕು: ಎಣಿಕೆ ಕಾಪಾಡುವುದು ಮೆಮೊರಿಯನ್ನು, ಮಾಡ್ಯೂಲ್‌ನ ಕೋಡನ್ನಲ್ಲ. ಇಳಿಸಬಹುದಾದ ಮಾಡ್ಯೂಲ್ ಆದರೆ ಕೊನೆಗೆ ಕಾಯಲೇಬೇಕು.

ಇನ್ನು ‘ಟೈಮರ್_ಪೆಂಡಿಂಗ್’ ಎಂದು ಕೇಳಿ, ಹೌದಾದರೆ ಮಾತ್ರ ಅಳಿಸುವ ಅಭ್ಯಾಸ. ನೋಡಲು ನಾಜೂಕಾಗಿದೆ, ಆದರೆ ಅಪಾಯ. ಕಾಲ್‌ಬ್ಯಾಕ್ ಶುರುವಾಗುವ ಮೊದಲೇ ಕರ್ನಲ್ ಟೈಮರನ್ನು ಸರದಿಯಿಂದ ಬಿಡಿಸುತ್ತದೆ. ಹಾಗಾಗಿ ಕಾಲ್‌ಬ್ಯಾಕ್ ಓಡುತ್ತಿರುವಾಗ ಈ ಪ್ರಶ್ನೆಗೆ ‘ಇಲ್ಲ’ ಎಂದು ಉತ್ತರ ಬರುತ್ತದೆ, ಕಾಯಬೇಕಿದ್ದ ಕರೆ ತಪ್ಪಿಹೋಗುತ್ತದೆ, ಮುಂದಿನ ಸಾಲಿನಲ್ಲಿ ಮೆಮೊರಿ ಬಿಡುಗಡೆಯಾಗುತ್ತದೆ. ಕಾಯುತ್ತಿಲ್ಲದ ಟೈಮರ್ ಅಳಿಸಿದರೆ ಏನೂ ನಷ್ಟವಿಲ್ಲ. ಕೇಳದೆ ಅಳಿಸಿ.

ಹಂತ 3: ಕಾಯುವಾಗ ಕೈಯಲ್ಲಿ ಯಾವ ಲಾಕ್ ಇದೆ?

ಎಲ್ಲರಿಗೂ ಗೊತ್ತಿರುವ ಡೆಡ್‌ಲಾಕ್ ಮೊದಲು. ನೀವು ಒಂದು ಸ್ಪಿನ್‌ಲಾಕ್ (ಸಿಗುವವರೆಗೆ ಸಿಪಿಯು ಸುತ್ತುತ್ತಲೇ ಕಾಯುವ ಲಾಕ್) ಹಿಡಿದು ‘ಟೈಮರ್_ಡಿಲೀಟ್_ಸಿಂಕ್’ ಕರೆಯುತ್ತೀರಿ. ಇನ್ನೊಂದು ಸಿಪಿಯುನಲ್ಲಿ ಕಾಲ್‌ಬ್ಯಾಕ್ ಅದೇ ಲಾಕ್‌ಗಾಗಿ ಸುತ್ತುತ್ತಿದೆ. ಕಾಲ್‌ಬ್ಯಾಕ್ ಮುಗಿಯಲಿ ಎಂದು ನೀವು, ಲಾಕ್ ಸಿಗಲಿ ಎಂದು ಅದು. ಎರಡೂ ಸಿಪಿಯು ಅಲ್ಲೇ.

ಇದನ್ನು ಓದಿಕೊಂಡವರು ‘ನನ್ನ ಕಾಲ್‌ಬ್ಯಾಕ್ ಆ ಲಾಕ್ ಮುಟ್ಟುವುದೇ ಇಲ್ಲ, ನನಗೇನು’ ಎಂದು ಧೈರ್ಯವಾಗಿರುತ್ತಾರೆ. ಅಲ್ಲಿಯೂ ಡೆಡ್‌ಲಾಕ್ ಆಗಬಲ್ಲದು. ಒಂದನೇ ಸಿಪಿಯುನಲ್ಲಿ ಕಾಲ್‌ಬ್ಯಾಕ್ ಓಡುತ್ತಿದೆ. ಎರಡನೇ ಸಿಪಿಯುನಲ್ಲಿ ನೀವು ಇಂಟರಪ್ಟ್ ಮುಚ್ಚಿ ಲಾಕ್ ಹಿಡಿದು, ಕಾಲ್‌ಬ್ಯಾಕ್ ಮುಗಿಯಲಿ ಎಂದು ಕಾಯುತ್ತೀರಿ. ಅಷ್ಟರಲ್ಲಿ ಒಂದನೇ ಸಿಪಿಯುಗೆ ಹಾರ್ಡ್‌ವೇರ್ ಇಂಟರಪ್ಟ್ ಬಂದು ಕಾಲ್‌ಬ್ಯಾಕನ್ನು ಅರ್ಧಕ್ಕೇ ತಡೆಯುತ್ತದೆ, ಆ ಇಂಟರಪ್ಟ್‌ನ ಹ್ಯಾಂಡ್ಲರ್ ನಿಮ್ಮ ಲಾಕ್ ಕೇಳುತ್ತದೆ. ಲಾಕ್ ನಿಮ್ಮಲ್ಲಿದೆ. ಹ್ಯಾಂಡ್ಲರ್ ಮುಗಿಯದೆ ಕಾಲ್‌ಬ್ಯಾಕ್ ಮುಂದುವರಿಯದು, ಕಾಲ್‌ಬ್ಯಾಕ್ ಮುಗಿಯದೆ ನೀವು ಲಾಕ್ ಬಿಡುವುದಿಲ್ಲ. ಕಾಲ್‌ಬ್ಯಾಕ್ ಆ ಲಾಕ್‌ನ ಹೆಸರನ್ನೂ ಎತ್ತಲಿಲ್ಲ, ಆದರೂ ಮೂವರೂ ಸಿಕ್ಕಿಬಿದ್ದರು. ಕರ್ನಲ್‌ನ ಟೈಮರ್ ಕೋಡ್‌ನ ಕಾಮೆಂಟ್‌ನಲ್ಲೇ ಈ ಸನ್ನಿವೇಶದ ವಿವರಣೆ ಇದೆ, ಒಮ್ಮೆ ನಿಧಾನವಾಗಿ ಓದುವಂಥದ್ದು.

ಆದ್ದರಿಂದ ನಾನು ಪಾಲಿಸುವ ನಿಯಮ ಕಟ್ಟುನಿಟ್ಟಾದದ್ದು: ಸಿಂಕ್ ಎಂದು ಕೊನೆಯಾಗುವ ಯಾವ ಟೈಮರ್ ಕರೆಯನ್ನೂ ಸ್ಪಿನ್‌ಲಾಕ್ ಹಿಡಿದು ಮಾಡುವುದಿಲ್ಲ. ಮ್ಯೂಟೆಕ್ಸ್ (ನಿದ್ದೆ ಮಾಡಿ ಕಾಯುವ ಲಾಕ್) ಪರವಾಗಿಲ್ಲ, ಟೈಮರ್ ಕಾಲ್‌ಬ್ಯಾಕ್ ಮ್ಯೂಟೆಕ್ಸ್ ಹಿಡಿಯಲಾರದು. (ವರ್ಕ್ ವಿಷಯದಲ್ಲಿ ಹಾಗಲ್ಲ. ವರ್ಕ್ ಮ್ಯೂಟೆಕ್ಸ್ ಹಿಡಿಯಬಲ್ಲದು, ಅದೇ ಮ್ಯೂಟೆಕ್ಸ್ ಹಿಡಿದು ‘ಕ್ಯಾನ್ಸಲ್_ವರ್ಕ್_ಸಿಂಕ್’ ಕರೆದರೆ ಕಥೆ ಮುಗಿಯಿತು.) ಹಾರ್ಡ್ ಇಂಟರಪ್ಟ್ ಹ್ಯಾಂಡ್ಲರ್‌ನಿಂದಲೂ ಈ ಕರೆ ಬೇಡ, ಏಕೆಂದರೆ ಆ ಇಂಟರಪ್ಟ್ ತಡೆದದ್ದು ಅದೇ ಸಿಪಿಯುನ ಅದೇ ಕಾಲ್‌ಬ್ಯಾಕನ್ನೇ ಆಗಿರಬಹುದು. ‘ಟೈಮರ್_ಐಆರ್‌ಕ್ಯೂಸೇಫ್’ ಎಂಬ ಫ್ಲ್ಯಾಗ್ ಹಾಕಿದ ಟೈಮರ್‌ಗೆ ಇದರಿಂದ ವಿನಾಯಿತಿ ಇದೆ, ಆದರೆ ಸಾಮಾನ್ಯ ಡ್ರೈವರ್‌ಗೆ ಅದರ ಅಗತ್ಯ ಬೀಳುವುದಿಲ್ಲ. ಕಾಲ್‌ಬ್ಯಾಕ್ ಒಳಗಿಂದ ತನ್ನದೇ ಟೈಮರ್‌ಗೆ ಈ ಕರೆ ಮಾಡಿದರೆ ತಾನು ಮುಗಿಯಲಿ ಎಂದು ತಾನೇ ಕಾಯುತ್ತ ಕೂರುತ್ತದೆ. ಅಲ್ಲಿ ನಿಲ್ಲಿಸಬೇಕೆಂದರೆ ‘ಮಾಡ್_ಟೈಮರ್’ ಕರೆಯದೆ ಹೊರಬಂದರೆ ಸಾಕು.

ರಿಯಲ್ ಟೈಮ್ ಕರ್ನಲ್ ಬಳಸುವವರಿಗೆ ಇನ್ನೊಂದು ಮಾತು. ಅದಕ್ಕೆ ಬೇಕಾದ ಪ್ರೀಎಂಪ್ಟ್ ಆರ್‌ಟಿ ಎಂಬ ಬದಲಾವಣೆಗಳ ಕಂತೆ 2024ರಲ್ಲಿ, 6.12ರ ಹೊತ್ತಿಗೆ ಮುಖ್ಯ ಕರ್ನಲ್‌ಗೆ ಸೇರಿತು. ಅಲ್ಲಿ ಸಾಮಾನ್ಯ ಟೈಮರ್‌ನ ಕಾಲ್‌ಬ್ಯಾಕನ್ನು ನಡುವೆ ತಡೆಯಬಹುದು, ಅದಕ್ಕಾಗಿ ಕಾಯುವವರು ಸುತ್ತುವ ಬದಲು ನಿದ್ದೆಗೆ ಹೋಗಬಹುದು. ಹಾಗಾಗಿ ರಾ ಸ್ಪಿನ್‌ಲಾಕ್ ಹಿಡಿದೋ ಇಂಟರಪ್ಟ್ ಮುಚ್ಚಿಯೋ ಈ ಕರೆ ಮಾಡುವ ಕೋಡ್ ಅಲ್ಲಿ ಬೇಗ ಸಿಕ್ಕಿಬೀಳುತ್ತದೆ.

ಹಂತ 4: ಕಳಚುವ ಕ್ರಮ

ವರ್ಕ್ ಮತ್ತು ಟೈಮರ್ ಒಂದನ್ನೊಂದು ಎಬ್ಬಿಸುವ ಡ್ರೈವರ್‌ನಲ್ಲಿ ಕ್ರಮ ತಪ್ಪುವುದು ಎಷ್ಟು ಸುಲಭ ಎಂಬುದಕ್ಕೆ ಕರ್ನಲ್‌ನದೇ ಉದಾಹರಣೆ ಇದೆ. ಕ್ವಾಲ್ಕಾಮ್ ಬ್ಲೂಟೂತ್ ಚಿಪ್‌ಗಳ ‘ಎಚ್‌ಸಿಐ_ಕ್ಯೂಸಿಎ’ ಡ್ರೈವರ್‌ನಲ್ಲಿ ಕಾಯದೆ ಟೈಮರ್ ಅಳಿಸುವ ದೋಷವಿತ್ತು. 2022ರಲ್ಲಿ ಅದನ್ನು ಕಾಯುವ ಕರೆಗೆ ಬದಲಿಸಿ, ಮೊದಲು ವರ್ಕ್‌ಕ್ಯೂ ನಾಶ, ಆಮೇಲೆ ಟೈಮರ್ ಅಳಿಸುವುದು ಎಂದು ಕ್ರಮ ಇಟ್ಟರು. ಸರಿಹೋಗಲಿಲ್ಲ. ಈ ಎರಡು ಸಾಲುಗಳ ನಡುವೆ ಟೈಮರ್ ಹೊಡೆದರೆ ಕಾಲ್‌ಬ್ಯಾಕ್ ವರ್ಕ್ ಹಾಕಲು ಹೋಗುವುದು ಆಗಲೇ ನಾಶವಾದ ಕ್ಯೂಗೆ. ಹಾಗಂತ ತಿರುಗಿಸಿ, ಮೊದಲು ಟೈಮರ್ ಅಳಿಸಿದರೆ? ಆಗ ಇನ್ನೂ ಓಡುತ್ತಿರುವ ವರ್ಕ್ ಒಂದು ಮತ್ತೆ ಟೈಮರ್ ಇಟ್ಟು ಹೋಗುತ್ತದೆ, ಮೆಮೊರಿ ಬಿಡುಗಡೆಯಾದ ಮೇಲೆ ಅದು ಹೊಡೆಯುತ್ತದೆ. ಎರಡು ಕ್ರಮದಲ್ಲೂ ಸೋಲು. ಮೊದಲು ‘ಟೈಮರ್_ಶಟ್‌ಡೌನ್_ಸಿಂಕ್’, ಆಮೇಲೆ ವರ್ಕ್‌ಕ್ಯೂ ನಾಶ ಎಂದಾಗ ಮಾತ್ರ ಗಂಟು ಬಿಡುತ್ತದೆ. ಉಳಿದ ವರ್ಕ್ ಟೈಮರ್ ಇಡಲು ನೋಡಿದರೂ ಆ ಕರೆ ಗಾಳಿಗೆ ಹೋಗುತ್ತದೆ. ಗ್ಲೈಕ್ಸ್‌ನರ್ ಆ ಡ್ರೈವರನ್ನು ಕೊನೆಗೆ ಸರಿಮಾಡಿದ್ದು ಹೀಗೆಯೇ.

ನಮ್ಮ ಕಾರ್ಡ್‌ಗೆ ಬಂದರೆ ಕಳಚುವ ಫಂಕ್ಷನ್ ಹೀಗಿರಬೇಕು:

ಮಿಸ್ಕ್_ಡಿರಿಜಿಸ್ಟರ್(&ಕಾರ್ಡ್->ಮಿಸ್ಕ್);
ಕಾರ್ಡ್_ಇಂಟರಪ್ಟ್_ಮುಚ್ಚು(ಕಾರ್ಡ್);
ಫ್ರೀ_ಐಆರ್‌ಕ್ಯೂ(ಕಾರ್ಡ್->ಐಆರ್‌ಕ್ಯೂ, ಕಾರ್ಡ್);
ಟೈಮರ್_ಶಟ್‌ಡೌನ್_ಸಿಂಕ್(&ಕಾರ್ಡ್->ಟೈಮರ್);
ಕ್ಯಾನ್ಸಲ್_ವರ್ಕ್_ಸಿಂಕ್(&ಕಾರ್ಡ್->ರೀಸೆಟ್_ವರ್ಕ್);
ಕಾರ್ಡ್_ಇಂಟರಪ್ಟ್_ಮುಚ್ಚು(ಕಾರ್ಡ್);
ಕೆಫ್ರೀ(ಕಾರ್ಡ್);

ಮೊದಲು ಹೊರಗಿನಿಂದ ಹೊಸ ಕಮಾಂಡ್ ಬರುವ ದಾರಿ, ಆಮೇಲೆ ಇಂಟರಪ್ಟ್. ‘ಫ್ರೀ_ಐಆರ್‌ಕ್ಯೂ’ ಓಡುತ್ತಿರುವ ಹ್ಯಾಂಡ್ಲರ್ ಮುಗಿಯುವವರೆಗೂ ಕಾಯುತ್ತದೆ, ಹಾಗಾಗಿ ಅದು ವಾಪಸ್ ಬಂದ ಮೇಲೆ ಆ ದಾರಿಯಿಂದ ಯಾರೂ ಟೈಮರ್ ಇಡುವುದಿಲ್ಲ. ಇಂಟರಪ್ಟನ್ನು ಎರಡು ಸಲ ಮುಚ್ಚಿದ್ದು ಕಣ್ತಪ್ಪಲ್ಲ. ರೀಸೆಟ್ ವರ್ಕ್ ಕಾರ್ಡನ್ನು ಮೊದಲಿನ ಸ್ಥಿತಿಗೆ ತರುವಾಗ ಸಾಮಾನ್ಯವಾಗಿ ಇಂಟರಪ್ಟನ್ನೂ ತೆರೆಯುತ್ತದೆ. ಹ್ಯಾಂಡ್ಲರ್ ತೆಗೆದ ಮೇಲೆ ಕಾರ್ಡ್ ಇಂಟರಪ್ಟ್ ಎತ್ತಿದರೆ, ಅದೇ ಲೈನ್ ಹಂಚಿಕೊಂಡ ಇನ್ನೊಂದು ಸಾಧನವಿದ್ದಾಗ ‘ನೋಬಡಿ ಕೇರ್ಡ್’ ಎಂಬ ಸಂದೇಶದೊಂದಿಗೆ ಕರ್ನಲ್ ಇಡೀ ಲೈನನ್ನೇ ಮುಚ್ಚಿಬಿಡಬಹುದು. ತಪ್ಪು ನಿಮ್ಮ ಡ್ರೈವರ್‌ನದು, ನಿಲ್ಲುವುದು ಪಕ್ಕದ ಸಾಧನ. ವರ್ಕ್ ರಿಜಿಸ್ಟರ್ ಮುಟ್ಟುವುದರಿಂದ ಕಾರ್ಡ್‌ನ ಪವರ್ ತೆಗೆಯುವುದೂ ವರ್ಕ್ ನಿಂತ ಮೇಲೆಯೇ.

‘ಮಿಸ್ಕ್_ಡಿರಿಜಿಸ್ಟರ್’ ಹೊಸದಾಗಿ ತೆರೆಯುವುದನ್ನು ತಡೆಯುತ್ತದೆ, ಆಗಲೇ ತೆರೆದಿಟ್ಟ ಫೈಲ್ ಹಾಗೆಯೇ ಇರುತ್ತದೆ. ಕಾರ್ಡ್ ಕಿತ್ತು ತೆಗೆಯಬಹುದಾದದ್ದಾದರೆ ಅದಕ್ಕೆ ಬೇರೆ ರೆಫರೆನ್ಸ್ ಎಣಿಕೆ ಬೇಕು, ಕೊನೆಯ ‘ಕೆಫ್ರೀ’ ಆ ಎಣಿಕೆ ಸೊನ್ನೆಯಾದಾಗ. ಯುಎಸ್‌ಬಿ ಡ್ರೈವರ್‌ನಲ್ಲಿ ‘ಫ್ರೀ_ಐಆರ್‌ಕ್ಯೂ’ ಜಾಗದಲ್ಲಿ ‘ಯುಎಸ್‌ಬಿ_ಕಿಲ್_ಯುಆರ್‌ಬಿ’ ಬರುತ್ತದೆ, ಅದೂ ಕಂಪ್ಲೀಷನ್ ಹ್ಯಾಂಡ್ಲರ್ ಮುಗಿಯುವವರೆಗೆ ಕಾಯುತ್ತದೆ. ಉಳಿದದ್ದು ಇದೇ ಕ್ರಮ.

ಹಂತ 5: ಡೆವ್‌ಎಮ್ ಬಳಸುವವರು ಇಲ್ಲಿ ನಿಲ್ಲಿ

‘ಡೆವ್‌ಎಮ್_’ ಎಂದು ಶುರುವಾಗುವ ಫಂಕ್ಷನ್‌ಗಳು, ಸಾಧನ ಹೋದಾಗ ಸಂಪನ್ಮೂಲಗಳನ್ನು ತಾವೇ ಬಿಡುವುದರಿಂದ, ಬಿಡುಗಡೆಯ ತಲೆನೋವು ತಪ್ಪಿಸುತ್ತವೆ, ಆದರೆ ಬಿಡುಗಡೆ ಯಾವಾಗ ಎಂಬುದನ್ನು ಮರೆಸುತ್ತವೆ. ‘ಡೆವ್‌ಎಮ್_ರಿಕ್ವೆಸ್ಟ್_ಐಆರ್‌ಕ್ಯೂ’ ಬಳಸಿದ್ದರೆ ಇಂಟರಪ್ಟ್ ತೆಗೆಯುವುದು ನಿಮ್ಮ ರಿಮೂವ್ ಫಂಕ್ಷನ್ (ಸಾಧನ ಹೋಗುವಾಗ ಕರೆಯುವುದು) ಮುಗಿದ ಮೇಲೆ. ರಿಮೂವ್‌ನಲ್ಲಿ ನೀವು ‘ಟೈಮರ್_ಡಿಲೀಟ್_ಸಿಂಕ್’ ಕರೆದು ಹೊರಬಂದಿರಿ. ಆಗ ಒಂದು ಇಂಟರಪ್ಟ್ ಬಂದು ಟೈಮರ್ ಇಡುತ್ತದೆ. ನಂತರ ಇಂಟರಪ್ಟ್ ಹೋಗುತ್ತದೆ, ಅದರ ಹಿಂದೆ ಮೆಮೊರಿ ಹೋಗುತ್ತದೆ, ಟೈಮರ್ ಉಳಿಯುತ್ತದೆ.

ಪರಿಹಾರ ಎರಡಿವೆ. ರಿಮೂವ್‌ನಲ್ಲಿ ಶಟ್‌ಡೌನ್ ಕರೆ ಬಳಸಿದರೆ ನಡುವೆ ಬಂದ ಇಂಟರಪ್ಟ್ ಟೈಮರ್ ಇಡಲಾರದು. ಇಲ್ಲವೇ ಟೈಮರ್ ನಿಲ್ಲಿಸುವ ಪುಟ್ಟ ಫಂಕ್ಷನ್ ಬರೆದು, ಪ್ರೋಬ್‌ನಲ್ಲಿ (ಸಾಧನ ಸಿಕ್ಕಾಗ ಓಡುವ ಫಂಕ್ಷನ್) ಇಂಟರಪ್ಟ್ ಕೇಳುವ ಮೊದಲೇ ‘ಡೆವ್‌ಎಮ್_ಆ್ಯಡ್_ಆ್ಯಕ್ಷನ್_ಆರ್_ರೀಸೆಟ್’ ಮೂಲಕ ನೋಂದಾಯಿಸಿ. ಡೆವ್‌ಎಮ್ ಬಿಡುಗಡೆ ಮಾಡುವುದು ಹಿಂದುಮುಂದಾಗಿ, ಕೊನೆಯದು ಮೊದಲು. ಆದ್ದರಿಂದ ಇಂಟರಪ್ಟ್ ಹೋದ ಮೇಲೆ ಟೈಮರ್, ಆಮೇಲೆ ಮೆಮೊರಿ ಎಂಬ ಸರಿಯಾದ ಕ್ರಮ ತಾನಾಗಿ ಬರುತ್ತದೆ. ನನಗೆ ಎರಡನೆಯದೇ ಇಷ್ಟ, ಪ್ರೋಬ್ ನಡುವೆ ಸೋತಾಗಲೂ ಅದು ಕೆಲಸ ಮಾಡುತ್ತದೆ.

ಪ್ರೋಬ್ ಮಾತು ಬಂದದ್ದಕ್ಕೆ: ‘ಟೈಮರ್_ಸೆಟಪ್’ ಕರೆ ಇಂಟರಪ್ಟ್ ಕೇಳುವುದಕ್ಕಿಂತ ಮೊದಲು ಇರಬೇಕು. ಹಂಚಿಕೊಂಡ ಲೈನ್‌ನಲ್ಲಿ ಹ್ಯಾಂಡ್ಲರ್ ಆ ಕೂಡಲೇ ಓಡಬಹುದು, ಸಿದ್ಧವಾಗದ ಟೈಮರ್ ಮುಟ್ಟಬಹುದು.

ಹಂತ 6: ಸಸ್ಪೆಂಡ್‌ನಲ್ಲಿ ಶಟ್‌ಡೌನ್ ಬೇಡ

ಲ್ಯಾಪ್‌ಟಾಪ್ ಮುಚ್ಚಿ ತೆರೆದ ಮೇಲೆ ಸಾಧನ ಮೌನವಾಗಿದೆ, ಲಾಗ್‌ನಲ್ಲಿ ಒಂದು ಸಾಲೂ ಇಲ್ಲ ಎಂದರೆ ಯಾರೋ ಸಸ್ಪೆಂಡ್‌ನಲ್ಲಿ ಶಟ್‌ಡೌನ್ ಕರೆ ಹಾಕಿದ್ದಾರೆಯೇ ನೋಡಿ. ರಿಸ್ಯೂಮ್‌ನಲ್ಲಿ ‘ಮಾಡ್_ಟೈಮರ್’ ಕರೆದರೂ ಅದು ಕೆಲಸ ಮಾಡದು, ‘ಟೈಮರ್_ಸೆಟಪ್’ ಮತ್ತೆ ಮಾಡಬೇಕು. ಮತ್ತೆ ಬೇಕಾಗುವ ಟೈಮರ್‌ಗೆ ‘ಟೈಮರ್_ಡಿಲೀಟ್_ಸಿಂಕ್’ ಸಾಕು, ಅದಕ್ಕೂ ಮೊದಲು ಇಡುವವರನ್ನು ನಿಲ್ಲಿಸಿರಬೇಕು.

ಹಂತ 7: ಶಟ್‌ಡೌನ್ ಕರೆ ಇಲ್ಲದ ಕರ್ನಲ್ ಆದರೆ

ಹಳೆಯ ಕರ್ನಲ್‌ನಲ್ಲಿ ಸಿಕ್ಕಿಕೊಂಡ ಎಂಬೆಡೆಡ್ ಬೋರ್ಡ್‌ಗಳು ಬೇಕಾದಷ್ಟಿವೆ. ಅಲ್ಲಿ ‘ಹೊರಡುತ್ತಿದೆ’ ಎಂಬ ಫ್ಲ್ಯಾಗ್ ನೀವೇ ಇಡಬೇಕು, ಲಾಕ್ ಸಮೇತ. ಟೈಮರ್ ಇಡುವ ಪ್ರತಿಯೊಂದು ಜಾಗದಲ್ಲೂ ಲಾಕ್ ಹಿಡಿದು, ಫ್ಲ್ಯಾಗ್ ಇಲ್ಲದಿದ್ದರೆ ‘ಮಾಡ್_ಟೈಮರ್’ ಕರೆದು, ಲಾಕ್ ಬಿಡಿ. ಕಳಚುವಾಗ ಲಾಕ್ ಹಿಡಿದು ಫ್ಲ್ಯಾಗ್ ಎತ್ತಿ, ಲಾಕ್ ಬಿಟ್ಟು, ಆಮೇಲೆ ಕಾಯುವ ಕರೆ ಮಾಡಿ. ಲಾಕ್ ಇಲ್ಲದೆ ಫ್ಲ್ಯಾಗ್ ಮಾತ್ರ ನೋಡಿದರೆ, ನೋಡುವುದಕ್ಕೂ ಇಡುವುದಕ್ಕೂ ನಡುವಿನ ಸಂದಿಯಲ್ಲಿ ನಿಮ್ಮ ಅಳಿಸುವ ಕರೆ ಬಂದು ಹೋಗಿಬಿಡಬಹುದು. ಇನ್ನು ಟೈಮರ್ ಅಳಿಸಿ ಆಮೇಲೆ ಫ್ಲ್ಯಾಗ್ ಎತ್ತುವುದು ಕೋಟೆ ಕೊಳ್ಳೆ ಹೋದ ಮೇಲೆ ದಿಡ್ಡಿ ಬಾಗಿಲು ಹಾಕಿದಂತೆ.

ಬೇರೆ ಬಗೆಯ ಟೈಮರ್‌ಗಳು

ಹೈ ರೆಸಲ್ಯೂಷನ್ ಟೈಮರ್‌ಗೆ ‘ಎಚ್‌ಆರ್‌ಟೈಮರ್_ಕ್ಯಾನ್ಸಲ್’ ಕಾಯುವ ಕರೆ. ಕಾಯಲಾಗದ ಕಡೆ ‘ಎಚ್‌ಆರ್‌ಟೈಮರ್_ಟ್ರೈ_ಟು_ಕ್ಯಾನ್ಸಲ್’ ಇದೆ, ಕಾಲ್‌ಬ್ಯಾಕ್ ಓಡುತ್ತಿದ್ದರೆ -1 ಕೊಡುತ್ತದೆ. ಆ -1 ಪರೀಕ್ಷಿಸದೆ ಮುಂದೆ ಹೋದರೆ ರದ್ದು ಮಾಡಿಯೇ ಇಲ್ಲ ಎಂದರ್ಥ. ಈ ಟೈಮರ್‌ಗೆ ಶಟ್‌ಡೌನ್ ಕರೆ ಇಲ್ಲ, ಹಂತ 7ರ ಫ್ಲ್ಯಾಗ್ ವಿಧಾನವೇ ಗತಿ.

ಡಿಲೇಡ್ ವರ್ಕ್‌ಗೆ ‘ಕ್ಯಾನ್ಸಲ್_ಡಿಲೇಡ್_ವರ್ಕ್_ಸಿಂಕ್’. 6.10ರಿಂದ ‘ಡಿಸೇಬಲ್_ಡಿಲೇಡ್_ವರ್ಕ್_ಸಿಂಕ್’ ಕೂಡ ಇದೆ, ಮತ್ತೆ ಹಾಕುವುದನ್ನೂ ತಡೆಯುತ್ತದೆ. ಕಾಲ್‌ಬ್ಯಾಕ್ ಮಾಡುವ ಒಂದೇ ಕೆಲಸ ವರ್ಕ್ ಹಾಕುವುದಾದರೆ ಬೇರೆ ಟೈಮರ್ ಇಟ್ಟುಕೊಳ್ಳುವುದೇ ದಂಡ, ಡಿಲೇಡ್ ವರ್ಕ್ ಬಳಸಿ.

ಹಂತ 8: ಬೇಕೆಂದೇ ಕೆಡವಿ ನೋಡಿ

ಈ ದೋಷಗಳು ಮೇಜಿನ ಮೇಲೆ ತಾವಾಗಿ ಕಾಣಿಸುವುದಿಲ್ಲ. ಕರ್ನಲ್ ಕಟ್ಟುವಾಗ ‘ಕಾನ್ಫಿಗ್_ಡೀಬಗ್_ಆಬ್ಜೆಕ್ಟ್ಸ್_ಟೈಮರ್ಸ್’, ‘ಕಾನ್ಫಿಗ್_ಡೀಬಗ್_ಆಬ್ಜೆಕ್ಟ್ಸ್_ಫ್ರೀ’, ಕೆಎಎಸ್‌ಎಎನ್ (ಬಿಡುಗಡೆಯಾದ ಮೆಮೊರಿ ಮುಟ್ಟಿದರೆ ಹಿಡಿಯುವ ಪರೀಕ್ಷಕ), ‘ಕಾನ್ಫಿಗ್_ಪ್ರೂವ್_ಲಾಕಿಂಗ್’ ಎಲ್ಲ ಹಾಕಿ. ಕಾಯುತ್ತಿರುವ ಟೈಮರ್ ಇರುವ ಮೆಮೊರಿ ಬಿಡುಗಡೆಯಾದರೆ ‘ಓಡೀಬಗ್: ಫ್ರೀ ಆ್ಯಕ್ಟಿವ್’ ಎಂದು ಶುರುವಾಗುವ ಸಾಲು ಬರುತ್ತದೆ, ಅದರ ಕೊನೆಯಲ್ಲಿ ಯಾವ ಕಾಲ್‌ಬ್ಯಾಕ್ ಎಂಬ ಸುಳಿವೂ ಇರುತ್ತದೆ. ಟೈಮರ್ ಹೊಡೆಯುವ ಮೊದಲೇ, ಅಂದರೆ ಯಂತ್ರ ಇನ್ನೂ ಜೀವಂತ ಇರುವಾಗಲೇ ದೋಷ ಸಿಗುವುದು ಇದರ ಲಾಭ. ಲಾಕ್‌ಡೆಪ್ (‘ಕಾನ್ಫಿಗ್_ಪ್ರೂವ್_ಲಾಕಿಂಗ್’ ತೆರೆಯುವ ಲಾಕ್ ಪರೀಕ್ಷಕ) ಪ್ರತಿ ಟೈಮರನ್ನೂ ಒಂದು ಲಾಕ್‌ನಂತೆ ಲೆಕ್ಕ ಹಾಕುತ್ತದೆ, ಹಾಗಾಗಿ ಹಂತ 3ರ ಡೆಡ್‌ಲಾಕ್ ನಿಜವಾಗಿ ಆಗದಿದ್ದರೂ ಆಗಬಹುದು ಎಂದು ಎಚ್ಚರಿಸುತ್ತದೆ.

ಇಂಟರಪ್ಟ್ ಲೈನ್ ಹಂಚಿಕೊಂಡದ್ದಾದರೆ ‘ಕಾನ್ಫಿಗ್_ಡೀಬಗ್_ಎಸ್‌ಎಚ್‌ಐಆರ್‌ಕ್ಯೂ’ ಕೂಡ ಹಾಕಿ. ‘ಫ್ರೀ_ಐಆರ್‌ಕ್ಯೂ’ ಹೊತ್ತಿನಲ್ಲಿ ಅದು ಹ್ಯಾಂಡ್ಲರನ್ನು ಒಮ್ಮೆ ಸುಳ್ಳೇ ಕರೆಯುತ್ತದೆ. ನೀವು ಟೈಮರ್ ಮೊದಲು ಅಳಿಸಿ ಇಂಟರಪ್ಟ್ ಆಮೇಲೆ ತೆಗೆಯುವವರಾದರೆ, ಆ ಸುಳ್ಳು ಕರೆ ಬಂದಾಗ ಹ್ಯಾಂಡ್ಲರ್ ಟೈಮರನ್ನು ಮತ್ತೆ ಇಟ್ಟುಬಿಡಬಹುದು. ಹಾಗಾದರೆ ತಪ್ಪು ಅಲ್ಲಿಯೇ ಬಯಲು.

ಆಮೇಲೆ ಕಾಲ್‌ಬ್ಯಾಕ್ ಒಳಗೆ ತಾತ್ಕಾಲಿಕವಾಗಿ ಕೆಲವು ಮಿಲಿಸೆಕೆಂಡ್‌ನ ‘ಎಂಡಿಲೇ’ ಹಾಕಿ, ಟೈಮರ್ ಅವಧಿಯನ್ನು 500ರಿಂದ 5 ಮಿಲಿಸೆಕೆಂಡ್‌ಗೆ ಇಳಿಸಿ, ಸಿಸ್‌ಎಫ್‌ಎಸ್‌ನ ಬೈಂಡ್ ಮತ್ತು ಅನ್‌ಬೈಂಡ್ ಫೈಲ್‌ಗಳ ಮೂಲಕ ಸಾಧನವನ್ನು ರಾತ್ರಿಯಿಡೀ ಹಾಕಿ ತೆಗೆಯುವ ಲೂಪ್ ಓಡಿಸಿ. ಜೊತೆಗೆ ಇನ್ನೊಂದು ಟರ್ಮಿನಲ್‌ನಿಂದ ಕಮಾಂಡ್ ಸುರಿಯುತ್ತಿರಲಿ, ಇಲ್ಲದಿದ್ದರೆ ಮೂರು ದಾರಿಗಳಲ್ಲಿ ಒಂದನ್ನು ಮಾತ್ರ ಪರೀಕ್ಷಿಸಿದಂತಾಗುತ್ತದೆ. ಟೈಮರನ್ನು ಮತ್ತೆ ಇಟ್ಟವರು ಯಾರು ಎಂದು ಗೊತ್ತಾಗದಿದ್ದರೆ ಕರ್ನಲ್‌ನ ಜಾಡು ಹಿಡಿಯುವ ಎಫ್‌ಟ್ರೇಸ್‌ನಲ್ಲಿ ‘ಟೈಮರ್_ಸ್ಟಾರ್ಟ್’ ಈವೆಂಟ್‌ನ ಟ್ರಿಗರ್ ಫೈಲ್‌ಗೆ ‘ಸ್ಟ್ಯಾಕ್‌ಟ್ರೇಸ್’ ಎಂದು ಬರೆಯಿರಿ. ಇಡುವ ಪ್ರತಿಯೊಂದು ಕರೆಗೂ ಪೂರ್ತಿ ಕಾಲ್ ಸ್ಟ್ಯಾಕ್ ಸಿಗುತ್ತದೆ. ಯಂತ್ರದ ಎಲ್ಲ ಟೈಮರ್‌ಗಳೂ ಅಲ್ಲಿ ಸೇರುವುದರಿಂದ ನಿಮ್ಮ ಕಾಲ್‌ಬ್ಯಾಕ್ ಹೆಸರಿನ ಸಾಲುಗಳನ್ನಷ್ಟೇ ಸೋಸಿಕೊಂಡು, ಹಂತ 1ರ ಪಟ್ಟಿಯಲ್ಲಿ ಇಲ್ಲದ ಹೆಸರು ಯಾವುದಾದರೂ ಬಂದಿದೆಯೇ ನೋಡಿ.